ಹದಿನೇಳನೇ ಬಾಟಲಿ

ಮಾರ್ಚ್ 3

ಅಮ್ಮಾ,

ಬಾ ಅಂತ ಬರೆಯುತ್ತಿಲ್ಲ, ಹೆದರಬೇಡ. ಒಂದು ಹುಳದ ವಿಷಯ ಕೇಳಬೇಕಿತ್ತು.

ಮಗುವಿನ ಮೈಮೇಲೆ ಕೆಂಪು ದದ್ದು ಏಳುತ್ತಿದೆ. ಕುತ್ತಿಗೆಯ ಸುತ್ತ, ತೋಳಿನ ಒಳಗೆ, ಅಂಗಿಯ ಹೊಲಿಗೆ ತಾಗುವ ಕಡೆಯೆಲ್ಲ. ಒಂದೊಂದರ ನಡುವೆ ಸೂಜಿಮೊನೆಯಷ್ಟು ಚುಕ್ಕಿ. ಮಕ್ಕಳ ಡಾಕ್ಟರು ಸೆಖೆ ಎಂದರು. ಇವರು ಸೊಳ್ಳೆ ಎಂದರು. ಅಜ್ಜಿ, 'ನಿನ್ನ ಹಾಲಿನದೇ ಉಷ್ಣ. ರಾತ್ರಿಯಿಡೀ ಗೂಬೆ ಹಾಗೆ ಕೂತಿರೋಳ ಹಾಲು ತಣ್ಣಗೆ ಹೇಗಿರುತ್ತೆ' ಎಂದಳು. ನಿದ್ದೆ ಮಾಡುತ್ತಿಲ್ಲ ಅನ್ನುವುದು ನಿಜ. ಬಟಾಣಿ ಎರಡು ಗಂಟೆಗೊಮ್ಮೆ ಏಳುತ್ತಾಳೆ. (ಮೊದಲ ಸ್ಕ್ಯಾನಿನಲ್ಲಿ ಅವಳು ಬಟಾಣಿಯಷ್ಟಿದ್ದಳು, ಹೆಸರು ಅಲ್ಲೇ ಅಂಟಿಕೊಂಡಿತು.) ಅವಳು ಮಲಗಿದ ಮೇಲೆ ಉಸಿರಾಡುತ್ತಿದ್ದಾಳಾ ಅಂತ ನೋಡಲು ನಾನು ಏಳುತ್ತೇನೆ. ನಾಲ್ಕು ತಿಂಗಳಿಂದ ಇದೇ ಆಟ.

ಆದರೆ ಸೊಳ್ಳೆ ಅಂಗಿಯೊಳಗೆ ನುಗ್ಗಿ, ಹೊಲಿಗೆ ಹುಡುಕಿಕೊಂಡು ಕಚ್ಚುವುದಿಲ್ಲ, ಅಲ್ಲವಾ? ನಿನ್ನೆ ಮಧ್ಯಾಹ್ನ ಬಟ್ಟೆ ಬದಲಿಸುವಾಗ ಅವಳ ಕಾಲರಿನಿಂದ ಒಂದು ಇರುವೆ ಓಡಿತು. ಕಪ್ಪಗೆ, ಎಳ್ಳುಕಾಳಿಗಿಂತ ತುಸು ಉದ್ದ. ಲೋಟ ಕವುಚಿ ಹಿಡಿದೆ. ನೋಡಲು ಇರುವೆಯೇ, ಆದರೆ ನಡಿಗೆ ಇರುವೆಯದಲ್ಲ. ಇರುವೆ ದಾರಿ ಗೊತ್ತಿದ್ದವರ ಹಾಗೆ ಹೋಗುತ್ತದೆ. ಇದು ತಲೆ ತಗ್ಗಿಸಿಕೊಂಡು, ಕಳೆದುಹೋದ ಕಿವಿಯೋಲೆಯ ತಿರುಪು ಹುಡುಕುವವರ ಹಾಗೆ ಹೋಗುತ್ತದೆ. ಒಂದು ಗಂಟೆ ನೋಡುತ್ತಾ ಕೂತಿದ್ದೆ. ಬೇರೆ ಏನನ್ನೂ ಯೋಚಿಸದ ಒಂದು ಗಂಟೆ ಸಿಕ್ಕಿ ಎಷ್ಟು ದಿನವಾಗಿತ್ತೋ.

ನಿನ್ನ ಕೀಟಸಂಸ್ಥೆಯ ಆಫೀಸಿಗೆ ಫೋನು ಮಾಡಿದ್ದೆ. ಗುಡ್ಡದ ಶಿಬಿರದಲ್ಲಿ ಫೋನು ಸಿಗುವುದಿಲ್ಲ, ವಾರಕ್ಕೊಂದು ಜೀಪು ಟಪಾಲು ಒಯ್ಯುತ್ತದೆ ಎಂದರು. ಜೂನಿಗೆ ನಿನ್ನ ನಿವೃತ್ತಿ, ಇದು ಕೊನೆಯ ಬೇಸಿಗೆ, ಹಿಂದೆ ನಿನಗೆ ಸಿಕ್ಕ ಆ ಒಂಟಿ ಕಣಜದ ಜೊತೆಯದು ಈ ಸಲ ಸಿಗದಿದ್ದರೆ ಮುಗಿಯಿತು ಎಂದೂ ಹೇಳಿದರು. ಹೆರಿಗೆಗೆ ಬರಲಿಲ್ಲ ಅನ್ನುವ ಮಾತು ಬಿಡು. ಒಂದೇ ಹುಳವನ್ನು ಇಪ್ಪತ್ತು ಬೇಸಿಗೆ ಹುಡುಕಿದವಳು ನನ್ನ ಲೋಟದಡಿಯ ಹುಳ ಯಾವುದು ಅಂತ ಹೇಳಲಾರಳೇ?

ಮಗುವಿಗೆ ಅಪಾಯವಾ? ಅಷ್ಟು ಹೇಳು.

ನಿನ್ನ ಮಗಳು


ಮಾರ್ಚ್ 12, ಶಿಬಿರ

ಚೂಟಿ,

ಅಪಾಯವಿಲ್ಲ. ಇದೊಂದು ಸಾಲು ಓದಿ ಒಂದು ಲೋಟ ನೀರು ಕುಡಿ, ಆಮೇಲೆ ಮುಂದಿನದು ಓದು.

ಕಚ್ಚಿದ ಜಾಗದಲ್ಲಿ ಕೀವಾಗಿಲ್ಲ, ಜ್ವರವಿಲ್ಲ, ಹಾಲು ಕುಡಿಯುತ್ತಿದ್ದಾಳೆ ಎಂದರೆ ಉರಿ ಬಿಟ್ಟು ಬೇರೇನೂ ಆಗುವುದಿಲ್ಲ. ಡಾಕ್ಟರಿಗೆ ಆ ಚುಕ್ಕಿಗಳನ್ನು ಇನ್ನೊಂದು ಸಲ ತೋರಿಸು. ಅವಳ ಬಟ್ಟೆ ಎಲ್ಲಿಡುತ್ತೀಯೋ ಅಲ್ಲಿಂದ ತೆಗೆದು, ಬಿಸಿ ಇಸ್ತ್ರಿ ಹಾಕಿ ತಗಡಿನ ಪೆಟ್ಟಿಗೆಯಲ್ಲಿಡು.

ನಡಿಗೆಯ ವರ್ಣನೆ ಚೆನ್ನಾಗಿತ್ತು. ಎಷ್ಟೋ ವಿದ್ಯಾರ್ಥಿಗಳು ಬಣ್ಣ ಬರೆದು ಸುಮ್ಮನಾಗುತ್ತಾರೆ. ಈಗ ಇನ್ನೊಂದಿಷ್ಟು ನೋಡು. ಅಜ್ಜಿಯ ಭೂತಗನ್ನಡಿ ತೆಗೆದುಕೋ, ಕೆಳಗೆ ಬಿಳಿ ಕಾಗದ ಹಾಸು. ಸೊಂಟದ ಮೇಲೆ ಗಂಟಿದೆಯಾ? ಇರುವೆಯಾದರೆ ಅಲ್ಲಿ ಒಂದು ಚಿಕ್ಕ ಗುಬುಟು ಇರಲೇಬೇಕು. ಮೀಸೆಯಲ್ಲಿ ಎಷ್ಟು ಗೆಣ್ಣು? ಕೆಲಸಗಾರ ಇರುವೆಗೆ ಹನ್ನೆರಡು ದಾಟುವುದಿಲ್ಲ. ಎಣಿಸುವಾಗ ಉಸಿರು ಬಿಗಿಹಿಡಿ, ಇಲ್ಲದಿದ್ದರೆ ನಿನ್ನ ಉಸಿರಿಗೇ ಹುಳ ಹಾರಿಹೋಗುತ್ತದೆ. ಎಲ್ಲಿಂದ ಬರುತ್ತಿದೆ ಅನ್ನುವುದು ಎಲ್ಲಕ್ಕಿಂತ ಮುಖ್ಯ. ಚಿತ್ರ ಬರೆ. ಚೆಂದವಾಗದಿದ್ದರೂ ಅಳತೆ ಸರಿಯಾಗಿರಲಿ.

ಇಲ್ಲಿ ಬೆಳಿಗ್ಗೆ ಆರರಿಂದ ಸಂಜೆಯವರೆಗೆ ಕೊರೆಹುಳ ತಿಂದು ಕುಟ್ಟೆ ಹಿಡಿದ ಮರಗಳ ಪುಡಿ ಜರಡಿ ಹಿಡಿಯುತ್ತೇನೆ. ನನ್ನ ಕಣಜ ಸಿಕ್ಕಿದ್ದು ಅಂಥ ಪುಡಿಯಲ್ಲೇ. ಒಂದೇ ಒಂದು, ರೆಕ್ಕೆಯಿಲ್ಲದ ಹೆಣ್ಣು. ಸಂಸ್ಥೆಗೆ ಹೊಸದಾಗಿ ಬಂದಿರುವ ಕನ್ನಡಕದವನು, ಇಪ್ಪತ್ತು ವರ್ಷದಲ್ಲಿ ಎರಡನೆಯದು ಸಿಗದ ಹುಳ ಆ ಗುಡ್ಡದ್ದೇ ಆಗಿರಲಾರದು, ಮೇಡಂ ಚೀಟಿ ಅದಲುಬದಲು ಮಾಡಿದ್ದಾರೆ ಎಂದು ಬರೆದಿದ್ದಾನೆ. ನಾನು ಪುಡಿ ತುಂಬಿದ ತಕ್ಷಣ ಪೆನ್ಸಿಲಿನಲ್ಲಿ ಚೀಟಿ ಬರೆದು ಬಾಟಲಿಯ ಒಳಗೇ ಹಾಕುವವಳು. ನನ್ನ ಚೀಟಿ ಒಂದೂ ತಪ್ಪಿಲ್ಲ. ಅವನ ಬಾಯಿ ಮುಚ್ಚಿಸಿ ಮನೆಗೆ ಹೋಗಬೇಕು ಅಂತಿದೆ.

ಬಟಾಣಿಯ ತೂಕ ಎಷ್ಟು? ಬರೆಯಲಿಲ್ಲ ನೀನು.

ಅಮ್ಮ


ಮಾರ್ಚ್ 20

ಅಮ್ಮಾ,

ಗಂಟಿಲ್ಲ. ಮೀಸೆಗೆ ಹದಿಮೂರು ಗೆಣ್ಣು. ನಾಲ್ಕು ಸಲ ಎಣಿಸಿದೆ. ಮೂರು ಸಲ ಹದಿಮೂರು, ಒಂದು ಸಲ ಹನ್ನೊಂದು. ಆ ಹನ್ನೊಂದರ ಹೊತ್ತಿಗೆ ಬಟಾಣಿ ಅತ್ತಳು, ಅದನ್ನು ಬಿಟ್ಟುಬಿಡು. ಹಾಗಾದರೆ ಇದು ಇರುವೆಯಲ್ಲವಾ? ಇರುವೆಯಲ್ಲದ್ದು ಇಷ್ಟು ಸಲೀಸಾಗಿ ಇರುವೆಯ ಹಾಗೆ ಹೇಗಿರುತ್ತದೆ? ಚಿತ್ರ ಜೊತೆಗಿಟ್ಟಿದ್ದೇನೆ. ತಲೆ ಉದ್ದ, ಚಪ್ಪಟೆ, ಬಾಗಿಲ ಸಂದಿಯಲ್ಲಿ ತೂರಲೆಂದೇ ಒತ್ತಿ ಮಾಡಿದ ಹಾಗಿದೆ. ಹಣೆಯ ನಡುವೆ ಬೈತಲೆ ತೆಗೆದಂತೆ ಒಂದು ಗೆರೆ. ಹಿಂಗಾಲಿನ ತೊಡೆಯ ಮೇಲೆ ಬಿಳಿ ಪಟ್ಟಿ.

ಎಲ್ಲಿಂದ ಬರುತ್ತದೆ ಎಂದು ಕಂಡುಹಿಡಿದೆ. ಎರಡು ಮಧ್ಯಾಹ್ನ ನೆಲದ ಮೇಲೆ ಬೋರಲಾಗಿ ಮಲಗಿದ್ದೆ. ಅಜ್ಜಿ ಬಾಗಿಲಲ್ಲಿ ನಿಂತು, 'ಬಾಣಂತಿ ಮಲಗಬೇಕಾದ್ದು ಮಂಚದ ಮೇಲೆ' ಎಂದಳು. ಹುಳ ನೋಡುತ್ತಿದ್ದೇನೆ ಅಂದೆ. ಅದಕ್ಕೆ, 'ಜನ ತಲೆಗೆ ಹುಳ ಬಿಟ್ಟುಕೊಳ್ತಾರೆ, ನಿನ್ನಮ್ಮ ಹುಳಕ್ಕೇ ತಲೆ ಕೊಟ್ಟಳು. ನೀನೂ ಶುರುಮಾಡಿದ್ಯಾ?' ಅಂದಳು. ಕೋಪವೇ ಅಂದುಕೊಂಡಿದ್ದೆ. ಹೋಗಿ ದಿಂಬು ತಂದು ಎದೆಯಡಿ ಇಟ್ಟಳು.

ನಮ್ಮ ಕೋಣೆಯ ಮರದ ಬೀರು, ನನ್ನ ಫ್ರಾಕುಗಳಿರುತ್ತಿದ್ದದ್ದು, ಅದರ ಕೆಳಗಿನ ಡ್ರಾಯರಿನ ಹಿಂಬದಿಯ ತುಂಬ ಗುಂಡುಸೂಜಿ ತೂತು. ತೂತಿನ ಕೆಳಗೆ ಹಿಟ್ಟಿನಂಥ ಪುಡಿ. ಅಲ್ಲಿಂದಲೇ ಹೊರಬರುತ್ತವೆ. ಬಟಾಣಿಯ ಅಂಗಿಗಳನ್ನು ಅದೇ ಡ್ರಾಯರಿನಲ್ಲಿ ಜೋಡಿಸಿದ್ದೆ, ಅಮ್ಮಾ. ನನ್ನ ಕೈಯಾರೆ. ಮಡಿಸಿ, ಮಡಿಕೆಯ ಮೇಲೆ ಕೈಯಾಡಿಸಿ. ಗೊತ್ತಾದ ದಿನ ಎಷ್ಟು ಅತ್ತೆ ಅಂತ ಬರೆಯುವುದಿಲ್ಲ. ಈಗ ಎಲ್ಲ ತಗಡಿನ ಪೆಟ್ಟಿಗೆಗೆ ಹೋಗಿದೆ. ಏಪ್ರಿಲ್ ಹತ್ತಕ್ಕೆ ಔಷಧಿ ಹೊಡೆಯುವವರನ್ನು ಇವರು ಗೊತ್ತುಮಾಡಿದ್ದಾರೆ.

ತೂಕ ಆರು ಕಿಲೋ ನೂರು ಗ್ರಾಂ. ಮೂಗು ನಿನ್ನದು.

ನಿನ್ನ ಮಗಳು


ಮಾರ್ಚ್ 29, ಶಿಬಿರ

ಚೂಟಿ,

ಚಿತ್ರ ನೋಡಿದೆ. ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನನ್ನ ಹಳೆಯ ಪ್ರಬಂಧ ಮನೆಯಲ್ಲೆಲ್ಲಾದರೂ ಇದೆಯಾ? ಅದರ ಎರಡನೇ ಪುಟದ ಚಿತ್ರ ನೋಡಿಕೊಂಡು ಬರೆದೆಯಾ? ತಮಾಷೆಗೆ ಮಾಡಿದ್ದರೆ ಈಗಲೇ ಹೇಳಿಬಿಡು.

ನೀನು ಹಾಗೆ ಮಾಡುವವಳಲ್ಲ ಅಂತ ಗೊತ್ತು. ಹಣೆಯ ಗೆರೆ, ಬಿಳಿ ಪಟ್ಟಿ, ಹದಿಮೂರು. ಅದು ನನ್ನ ಕಣಜ.

ಮೂರು ದಿನದಿಂದ ಜರಡಿ ಮುಟ್ಟಿಲ್ಲ, ಯೋಚಿಸುತ್ತಿದ್ದೇನೆ. ಈ ಗುಡ್ಡಕ್ಕೂ ನಮ್ಮ ಮನೆಗೂ ರೈಲಿನಲ್ಲಿ ಎರಡು ರಾತ್ರಿಯ ದಾರಿ. ರೆಕ್ಕೆಯಿಲ್ಲದ ಹುಳ ಅಷ್ಟು ದೂರ ಹೇಗೆ ಹೋಯಿತು? ಒಂದೇ ದಾರಿ ಕಾಣುತ್ತದೆ. ನೀನು ಎರಡನೇ ಕ್ಲಾಸಿನಲ್ಲಿದ್ದ ಆ ಮೊದಲ ಬೇಸಿಗೆ, ಇಲ್ಲಿಂದ ಸಂಸ್ಥೆಗೆ ಹೋಗುವಾಗ ಎರಡು ದಿನ ಮನೆಯಲ್ಲಿ ಇಳಿದಿದ್ದೆನಲ್ಲ, ಬ್ಯಾಗಿನಲ್ಲಿ ಕುಟ್ಟೆ ಮರದ ತುಂಡುಗಳಿದ್ದವು. ಅದರಿಂದ ಇಳಿದು ಬೀರು ಹೊಕ್ಕಿರಬೇಕು. ಹಾಗಾದರೆ ಇಲ್ಲಿ ಅದು ಖಂಡಿತ ಇದೆ. ನಾನು ತಪ್ಪು ಇಳಿಜಾರಿನಲ್ಲಿ ಹುಡುಕಿದ್ದೇನೆ, ಅಷ್ಟೆ. ತುಂಡು ತಂದದ್ದು ಉತ್ತರದ ಇಳಿಜಾರಿನಿಂದ. ನಾಳೆಯೇ ಅಲ್ಲಿಗೆ ಹೋಗುತ್ತೇನೆ. ನಿರ್ದೇಶಕರಿಗೆ ಬರೆದು ನಿವೃತ್ತಿಯ ನಂತರವೂ ಒಂದು ವರ್ಷ ಇಲ್ಲಿರಲು ಅನುಮತಿ ಕೇಳುತ್ತೇನೆ. ಈ ಹೊಸ ವಿಷಯ ತಿಳಿದರೆ ಕೊಡುತ್ತಾರೆ.

ಔಷಧಿ ಹೊಡೆಸಬೇಡ. ಕೈಮುಗಿದು ಕೇಳುತ್ತೇನೆ.

ಅಮ್ಮ


ಏಪ್ರಿಲ್ 4

ಅಮ್ಮಾ,

ಉತ್ತರದ ಇಳಿಜಾರಿಗೆ ಹೋಗಬೇಡ. ನಿರ್ದೇಶಕರಿಗೆ ಬರೆಯಬೇಡ. ಬರೆದಿದ್ದರೆ ವಾಪಸು ತಗೋ.

ಆ ಎರಡು ದಿನ ನನಗೂ ನೆನಪಿದೆ. ನೀನು ಊಟದ ಮೇಜಿನ ಮೇಲೆ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದೆ. ಇಪ್ಪತ್ತನಾಲ್ಕು. ಕೈಗೆ ಸಿಕ್ಕಿದ್ದನ್ನೆಲ್ಲ ಎಣಿಸುವ ವಯಸ್ಸು ನನ್ನದು. ನೀನು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು ಅಜ್ಜಿಗೆ ಹೇಳುತ್ತಿದ್ದೆ, 'ಏನೂ ಸಿಗಲಿಲ್ಲಮ್ಮ. ಎಲ್ಲ ಖಾಲಿ. ಬರೀ ಪುಡಿ ಹೊತ್ತುಕೊಂಡು ಬಂದೆ.' ಅಪ್ಪ ಹೋಗಿ ಆಗಿನ್ನೂ ವರ್ಷವಾಗಿರಲಿಲ್ಲ. ನೀನು ನಗುವುದು ನನಗೆ ಮರೆತೇಹೋಗಿತ್ತು.

ಮಾರನೇ ದಿನ ನೀನು ಸ್ನಾನಕ್ಕೆ ಹೋದಾಗ ನನ್ನ ಫ್ರಾಕಿನ ಡ್ರಾಯರಿನಲ್ಲಿ ಒಂದು ಇರುವೆ ಸಿಕ್ಕಿತು. ಆ ಇರುವೆಗಳು ಅಲ್ಲಿ ಯಾವಾಗಲೂ ಇರುತ್ತಿದ್ದವು, ನೀನು ತುಂಡು ತರುವುದಕ್ಕೆ ಮೊದಲೂ. ಅದರ ಹಿಂದಿನ ವರ್ಷ ನನಗೂ ಹೀಗೇ ದದ್ದು ಎದ್ದಿದ್ದವು, ಅಜ್ಜಿಯನ್ನು ಕೇಳಿ ನೋಡಿದೆ, 'ಹೂಂ, ನಿನಗೂ ಸೆಖೆ ಅಂದಿದ್ರು' ಎಂದಳು. ಆ ಇರುವೆಯನ್ನು ಹಿಡಿದು ಒಂದು ಬಾಟಲಿಯ ಮುಚ್ಚಳ ತಿರುಗಿಸಿ ಒಳಗೆ ಹಾಕಿ, ಮತ್ತೆ ಮುಚ್ಚಿದೆ. ಹದಿನೇಳನೇ ಬಾಟಲಿ. ಹದಿನೇಳು ಯಾಕೆಂದರೆ ಅದು ಮೇಜಿನ ಈ ಅಂಚಿಗಿತ್ತು, ನನ್ನ ಕೈಗೆ ಎಟುಕುತ್ತಿತ್ತು. ಖಾಲಿ ಅಲ್ಲ ಅಂತ ನಿನಗೆ ಖುಷಿಯಾಗಲಿ ಅಂತ. ಅಷ್ಟೇ.

ಎರಡು ತಿಂಗಳ ಮೇಲೆ ನಿನ್ನ ಪತ್ರ ಬಂತು. ಹೊಸ ಕಣಜ ಸಿಕ್ಕಿದೆ, ಪ್ರಪಂಚದಲ್ಲಿ ಯಾರೂ ನೋಡಿಲ್ಲ ಅಂತ. ನಾನು ಹಾಕಿದ್ದು ಇರುವೆ. ನಿನಗೆ ಸಿಕ್ಕಿದ್ದು ಕಣಜ. ಎರಡಕ್ಕೂ ಸಂಬಂಧವಿದೆ ಅಂತ ಈ ಮಾರ್ಚಿನವರೆಗೂ ಹೊಳೆದಿರಲಿಲ್ಲ, ನನ್ನಾಣೆ. ಸ್ಕೂಲಿನಲ್ಲಿ ನನ್ನಮ್ಮನಿಗೆ ಕಣಜ ಸಿಕ್ಕಿದೆ ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಆಮೇಲೆ ಪ್ರತಿ ಬೇಸಿಗೆ ನೀನು ಅದರ ಜೊತೆಯದನ್ನು ಹುಡುಕಲು ಹೋದೆ. ನಾನು ಅಜ್ಜಿಯ ಜೊತೆ ಉಳಿದೆ. ನಿನ್ನನ್ನು ನಾನೇ ಕಳಿಸಿದ್ದು ಅನ್ನುವುದನ್ನು ಈಗ ನಾಲ್ಕು ದಿನದಿಂದ ತಲೆಯಲ್ಲಿ ತಿರುವಿ ತಿರುವಿ ನೋಡುತ್ತಿದ್ದೇನೆ.

ಔಷಧಿಯವರನ್ನು ಇಪ್ಪತ್ತನಾಲ್ಕಕ್ಕೆ ಮುಂದೂಡಿದ್ದೇನೆ. ನಿನ್ನೆ ಬಟಾಣಿಯ ರೆಪ್ಪೆಯ ಹತ್ತಿರ ಒಂದು ದದ್ದು ಎದ್ದಿತು. ಡಾಕ್ಟರು ನೋಡಿ ಕಣ್ಣಿಗೇನಿಲ್ಲ ಎಂದರು. ಇವರು ಅಂಥವರಲ್ಲ, ಆದರೆ ನಿನ್ನೆ ಕೇಳಿದರು, 'ನಿಮ್ಮಮ್ಮನ ಹುಳ ದೊಡ್ಡದಾ, ನಮ್ಮ ಮಗು ದೊಡ್ಡದಾ?' ನಾನು ಡ್ರಾಯರು ಕಿತ್ತು, ಬಿಳಿ ಬೆಡ್‌ಶೀಟಿನಲ್ಲಿ ಸುತ್ತಿ, ಹಿಂದಿನ ಕೋಣೆಗೆ ಹಾಕಿ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿದೆ. ನಾವೆಲ್ಲ ಮುಂದಿನ ಕೋಣೆಯಲ್ಲಿ ಮಲಗುತ್ತೇವೆ. ಇಪ್ಪತ್ತನಾಲ್ಕರವರೆಗೆ ಕಾಯುತ್ತೇನೆ. ಅದರಾಚೆಗೆ ಆಗುವುದಿಲ್ಲ, ನಾನು ಇವಳ ಅಮ್ಮ.

ಚೂಟಿ


ಏಪ್ರಿಲ್ 15

ಅಮ್ಮಾ,

ಜೀಪು ಹೋಗಿ ಬಂದಿರಬೇಕು. ನಿನ್ನ ಪತ್ರವಿಲ್ಲ. ಬರೆಯದಿದ್ದರೂ ಪರವಾಗಿಲ್ಲ, ಇದನ್ನು ಓದು.

ಡ್ರಾಯರಿನಿಂದ ಉದುರಿದ ಒಂದು ಕೊರೆಹುಳದ ಮರಿಯನ್ನೂ ಒಂದು ಕಣಜವನ್ನೂ ಗಾಜಿನ ನಳಿಗೆಯಲ್ಲಿ ಹಾಕಿಟ್ಟಿದ್ದೆ. ಔಷಧಿ ಅಂಗಡಿಯವರು ಕೊಟ್ಟ ನಳಿಗೆ, ಬಾಯಿಗೆ ಹತ್ತಿ. ಕಣಜ ತನಗಿಂತ ಐದು ಪಟ್ಟು ದೊಡ್ಡ ಮರಿಯನ್ನು ಚುಚ್ಚಿ ಅಲುಗದ ಹಾಗೆ ಮಾಡಿತು. ಆಮೇಲೆ ಅದರ ಮೈಮೇಲೆ ಮೊಟ್ಟೆಯಿಟ್ಟಿತು, ಹನ್ನೆರಡು. ಇಷ್ಟು ಪುಸ್ತಕದಲ್ಲಿ ಇರಬಹುದು. ಆದರೆ ಮೊಟ್ಟೆಯಿಟ್ಟ ಮೇಲೆ ಅದು ಹೋಗಲಿಲ್ಲ. ಹತ್ತಿ ತೆಗೆದೆ, ನಳಿಗೆ ಓರೆ ಮಾಡಿದೆ, ದಾರಿ ತೋರಿಸಿದೆ. ಹೋಗಲೊಲ್ಲದು. ಮೊಟ್ಟೆಗಳನ್ನು ಒಂದೊಂದಾಗಿ ನೆಕ್ಕುತ್ತದೆ, ಜಾರಿದ್ದನ್ನು ಬಾಯಲ್ಲಿ ಕಚ್ಚಿ ತಂದು ಮತ್ತೆ ಜಾಗಕ್ಕಿಡುತ್ತದೆ. ನಾನು ನೋಡಿದಾಗಲೆಲ್ಲ ಎದ್ದೇ ಇರುತ್ತದೆ. ನಿದ್ದೆ ಮಾಡುತ್ತದಾ ಇದು? ಎಲ್ಲ ಕಣಜವೂ ಹೀಗಾ, ಇದೊಂದೇನಾ? ನೀನು ಇದನ್ನು ಸತ್ತದ್ದಾಗಿ ಮಾತ್ರ ನೋಡಿದ್ದೀಯ ಅಂತ ಆಗ ಹೊಳೆಯಿತು.

ಬಟಾಣಿಗೆ ಹೊಸ ದದ್ದಿಲ್ಲ. ಏಳನೇ ದಿನ ಇವತ್ತು.

ಚೂಟಿ


ಏಪ್ರಿಲ್ 16, ಶಿಬಿರ

ಚೂಟಿ,

ನಿನ್ನ ನಾಲ್ಕನೇ ತಾರೀಖಿನ ಪತ್ರ ಒಂಬತ್ತಕ್ಕೆ ಸಿಕ್ಕಿತು. ವಾರ ಬರೆಯಲಿಲ್ಲ. ಬರೆದಿದ್ದರೆ ಕೆಟ್ಟದ್ದು ಬರೆಯುತ್ತಿದ್ದೆ. ಇಪ್ಪತ್ತು ಬೇಸಿಗೆ. ಈ ಗುಡ್ಡದ ಒಂದೊಂದು ಬಿದ್ದ ಮರವೂ ನನಗೆ ಗುರುತು. ನನ್ನ ಮಂಡಿ ಹೋದದ್ದು ಇಲ್ಲಿ. ಎಂಟು ವರ್ಷದ ಒಬ್ಬಳನ್ನು ಹಿಡಿದು ನಾಲ್ಕು ಬಿಗಿಯಬೇಕು ಅನ್ನಿಸಿತು. ಅವಳು ಎಲ್ಲಿ ಸಿಗುತ್ತಾಳೆ ಈಗ? ಅವಳು ಎಂಟು ವರ್ಷದವಳಿದ್ದಾಗ ನಾನು ಅಲ್ಲಿರಲಿಲ್ಲ.

ಮೊನ್ನೆ ಟ್ರಂಕಿನಿಂದ ಆ ವರ್ಷದ ನೋಟ್‌ಬುಕ್ಕು ತೆಗೆದೆ. ನಿನ್ನ ಮಾತು ಸುಳ್ಳು ಮಾಡಬೇಕೆಂದೇ ತೆಗೆದದ್ದು. ಬಾಟಲಿ 17ರ ಎದುರು ನನ್ನ ಅಕ್ಷರದಲ್ಲೇ ಇದೆ: 'ಪೂರ್ತಿ ನೋಡಿದೆ. ಖಾಲಿ.' ಅದರ ಮೇಲೆ ಗೀಟು ಎಳೆದು, ಬೇರೆ ಶಾಯಿಯಲ್ಲಿ, 'ಹೆಣ್ಣು 1'. ಲ್ಯಾಬಿನಲ್ಲಿ ಹುಳ ಕಂಡ ದಿನ ಹೊಡೆದ ಗೀಟು ಅದು. ಗುಡ್ಡದ ಮೇಲೆ ಪುಡಿಯನ್ನೆಲ್ಲ ಬಟ್ಟಲಿಗೆ ಸುರಿದು ಕಣ್ಣಾರೆ ನೋಡಿ ಖಾಲಿ ಎಂದು ಬರೆದಿದ್ದವಳು ನಾನು. ಆಮೇಲೆ ಹುಳ ಎಲ್ಲಿಂದ ಬಂತು ಅಂತ ಒಂದು ಸಲವೂ ಕೇಳಿಕೊಳ್ಳಲಿಲ್ಲ. ವಿದ್ಯಾರ್ಥಿ ಹೀಗೆ ಮಾಡಿದ್ದರೆ ಎದುರಿಗೇ ನೋಟ್‌ಬುಕ್ಕು ಹರಿದು ಹಾಕುತ್ತಿದ್ದೆ. ನನಗೆ ಆ ಹುಳ ಬೇಕಿತ್ತು, ಚೂಟಿ. ನಿಮ್ಮಪ್ಪ ಹೋದ ಮೇಲೆ ಆ ಮನೆಯಲ್ಲಿ ಕೂರಲು ನನ್ನಿಂದ ಆಗುತ್ತಿರಲಿಲ್ಲ. ಪ್ರತಿ ವರ್ಷ ಹೋಗಲೇಬೇಕು ಅನ್ನುವಂಥದ್ದೇನಾದರೂ ಬೇಕಿತ್ತು. ನೀನು ಹಾಕಿದ್ದು ಒಂದು ಹುಳ. ಗೀಟು ಎಳೆದವಳು ನಾನು. ನೀನು ನನ್ನನ್ನು ಕಳಿಸಲಿಲ್ಲ.

ಕನ್ನಡಕದವನಿಗೆ ಬರೆದೆ: ನೀವು ಹೇಳಿದ್ದು ಸರಿ, ಆ ಹುಳ ಗುಡ್ಡದ್ದಲ್ಲ, ಅಚ್ಚಿನಲ್ಲಿ ತಿದ್ದುಪಡಿ ಹಾಕುತ್ತೇನೆ ಎಂದು. ಬರೆಯುವಾಗ ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಗುಡ್ಡದ ಹೆಸರನ್ನೇ ಅದಕ್ಕೆ ಇಟ್ಟಿದ್ದೇನಲ್ಲ, ಅದನ್ನು ಮಾತ್ರ ಬದಲಿಸುವ ಹಾಗಿಲ್ಲ, ಒಮ್ಮೆ ಇಟ್ಟ ಹೆಸರು ತಪ್ಪಾದರೂ ನಿಲ್ಲಬೇಕು ಎಂಬುದು ನಮ್ಮಲ್ಲಿ ನಿಯಮ. ಗುಡ್ಡವನ್ನೇ ಕಾಣದ ಹುಳ ಇನ್ನು ಶಾಶ್ವತವಾಗಿ ಗುಡ್ಡದ ಹುಳ.

ನಿನ್ನ ಗಂಡ ಕೇಳಿದ್ದು ಸರಿಯಾದ ಪ್ರಶ್ನೆ. ಬೀರುವಿಗೆ ಔಷಧಿ ಹೊಡೆಯಲಿ. ಆ ಒಂದು ಡ್ರಾಯರು ಮಾತ್ರ ನನಗೆ ಬಿಡಿ. ಮುಚ್ಚಳವಿರುವ ಗಾಜಿನ ಪೆಟ್ಟಿಗೆ ತರುತ್ತಿದ್ದೇನೆ, ಒಂದು ಹುಳವೂ ಹೊರಬರದು. ಇಪ್ಪತ್ಮೂರರ ಬೆಳಿಗ್ಗೆ ರೈಲು ತಲುಪುತ್ತದೆ. ಶಿಬಿರ ಮುಚ್ಚಿ ಬರುತ್ತಿದ್ದೇನೆ. ಹುಳಕ್ಕಾಗಿ ಬರುತ್ತಿದ್ದಾಳೆ ಅಂತ ನಿನ್ನ ಅಜ್ಜಿ ಹೇಳುತ್ತಾಳೆ. ಹೇಳಲಿ, ಅದರಲ್ಲಿ ಅರ್ಧ ನಿಜ.

ಅಮ್ಮ


ಮೇ 14, ಮಧ್ಯಾಹ್ನ. ಹಿಂದಿನ ಕೋಣೆಯ ಮೇಜು

ಚೂಟಿ,

ಎದ್ದ ಮೇಲೆ ಓದು. ಬಟಾಣಿಯನ್ನು ಎತ್ತಿಕೊಂಡು ಅಂಗಳದಲ್ಲಿದ್ದೇನೆ, ಹುಡುಕಾಡಬೇಡ.

11.20ಕ್ಕೆ ನೀನು ನಳಿಗೆ ನೋಡುತ್ತಾ ನೋಡುತ್ತಾ ಗೋಡೆಗೆ ಒರಗಿದವಳು ಹಾಗೇ ಜಾರಿ ಮಲಗಿದೆ. ಬಾಯಿ ತೆರೆದಿತ್ತು. ಮುಂದಿನ ಕೋಣೆಯಲ್ಲಿ ಮಗು ಮಲಗಿತ್ತು, ಉಸಿರು ನಿಮಿಷಕ್ಕೆ ಮೂವತ್ತೆರಡು. ಎಣಿಸಿದೆ. ನೀನು ಎದ್ದು ಕೇಳುತ್ತೀಯೆಂದು ಎಣಿಸಿದ್ದಲ್ಲ, ನನಗೇ ತಿಳಿಯಬೇಕಿತ್ತು.

12.10ಕ್ಕೆ ಎದ್ದಳು. ಅಳಲಿಲ್ಲ, ನಾಲ್ಕು ನಿಮಿಷ ತನ್ನ ಕೈಯನ್ನೇ ನೋಡಿದಳು. ನೀನು ಹಿಂಡಿಟ್ಟಿದ್ದ ಹಾಲು ಚಮಚದಲ್ಲಿ ಕುಡಿಸಿದೆ, ಅರ್ಧ ನನ್ನ ಸೀರೆಗೆ. ಬಿಕ್ಕಳಿಕೆ ಬಂತು. ನಾನು ಗಾಬರಿಯಾಗಿ ಡಾಕ್ಟರಿಗೆ ಫೋನು ಮಾಡಲು ಹೊರಟೆ. ನಿನ್ನ ಅಜ್ಜಿ, 'ಎಷ್ಟು ಹುಳದ ಹೊಟ್ಟೆ ಕೊಯ್ದಿದ್ದೀಯ ನೀನು, ಬಿಕ್ಕಳಿಕೆಗೆ ಹೆದರ್ತೀಯಲ್ಲೇ' ಎಂದು ಮಗುವನ್ನು ಕಸಿದು ಭುಜಕ್ಕೆ ಹಾಕಿಕೊಂಡಳು. ನಿಂತಿತು. ಹೇಗೆ ನಿಂತಿತು ಅಂತ ಕೇಳಿದರೆ, 'ನಿಲ್ಲಬೇಕಾದಾಗ ನಿಲ್ಲುತ್ತೆ' ಎಂದಳು. ಅದನ್ನು ಪತ್ತೆಮಾಡಬೇಕು.

1.40ಕ್ಕೆ, ಮರಿಗಳು ತಮ್ಮ ಸುತ್ತ ನೇಯ್ದುಕೊಂಡ ಹನ್ನೆರಡು ಗೂಡಿನಲ್ಲಿ ಒಂದು ಒಡೆಯಿತು. ತಾಯಿಯೇ ಹೊರಗಿನಿಂದ ಎಳೆ ಬಿಡಿಸಿಕೊಟ್ಟಿತು. ಒದ್ದೆಯಾಗಿ ಹೊರಬಂದು, ಹತ್ತು ನಿಮಿಷ ನಿಂತು, ರೆಕ್ಕೆ ಬಿಚ್ಚಿತು. ರೆಕ್ಕೆ, ಚೂಟಿ. ಗಂಡು. ಇದನ್ನು ಇಲ್ಲಿಯವರೆಗೆ ಯಾರೂ ನೋಡಿಲ್ಲ, ನನ್ನ ಬಾಟಲಿಯಲ್ಲಿದ್ದದ್ದು ಹೆಣ್ಣು. ನಿನ್ನನ್ನು ಕರೆಯಲು ಎದ್ದು ಬಂದೆ. ನಿನ್ನ ಭುಜದವರೆಗೂ ಬಂದ ಕೈ ಹಿಂತೆಗೆದುಕೊಂಡೆ.

ನಾಲ್ಕು ಗಂಟೆ ಹತ್ತು ನಿಮಿಷವಾಯಿತು ನೀನು ಮಲಗಿ. ಇನ್ನೂ ಹನ್ನೊಂದು ಗೂಡು ಇವೆ. ನಾನು ಎಲ್ಲಿಗೂ ಹೋಗುತ್ತಿಲ್ಲ. ಮಲಗು.

ಅಮ್ಮ